ಕರೀ ಹ್ಯಾಟಿಯ ರೆಕ್ಕೆ

ಕೋಳಿ ಹಾರೂದಿಲ್ಲ ಅಂತ ಹೇಳುವವರು ಒಂದು ಸಂಜೆ ಮುಶಿಗೇರಿಗೆ, ಅದೂ ನಮ್ಮ ಕೇರಿಗೆ ಬರಬೇಕು. ಹೊತ್ತು ಮುಳುಗುವಾಗ ನಮ್ಮ ಜವಾರಿ ಕೋಳಿಗಳು ತಿಪ್ಪೆಯಿಂದ ಗ್ವಾಡಿಗೆ, ಗ್ವಾಡಿಯಿಂದ ಮಣ್ಣಿನ ಮಾಳಿಗಿಗೆ, ಅಲ್ಲಿಂದ ಬೇವಿನ ಟೊಂಗೆಗೆ ಹಾರುತ್ತವೆ. ಹದ್ದಿನಂತೆ ಅಲ್ಲ. ರೆಕ್ಕೆ ಪಟಪಟ ಬಡಿದು, ಕೂಗಾಡಿ, ಬಿದ್ದೇನೋ ಎದ್ದೇನೋ ಅನ್ನುವಂತೆ. ಆದರೂ ಅದು ಹಾರಾಟವೇ. ನೆಲದ ಮ್ಯಾಲ ಮಲಗಿದ ಕೋಳಿಗೆ ಕಾಡಬೆಕ್ಕು ಬೆಳಗು ಕಾಣಗೊಡುವುದಿಲ್ಲ.

ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ತತ್ತಿ ಮಾರಿದ ರೊಕ್ಕದಾಗ ಪುಸ್ತಕ ಕೊಂಡವರು ನಾವು. ಮನೆತನಕ್ಕೆ ಮೊದಲ ಪದವಿ ನಮ್ಮದು. ಅದರಲ್ಲಿ ಕೋಳಿಗಳ ಪಾಲೂ ಇದೆ.

ಆರನೇ ಇಯತ್ತೆ ಓದುವಾಗ ನಮ್ಮಲ್ಲಿ ಒಂದು ಕರೀ ಹ್ಯಾಟಿ ಇತ್ತು. ಒಂದು ಬ್ಯಾಸಗಿ ಮಧ್ಯಾಹ್ನ ನಾಯಿ ಬೆನ್ನತ್ತಿದ ಗಾಬರಿಗೆ ಅದು ಸಂದಿ ದಾಟಿ ಹಾರಿ ಮ್ಯಾಲಿನ ಓಣಿಯ ಒಂದು ಮಾಳಿಗಿ ಏರಿತು. ಅಲ್ಲಿ ಸಂಡಿಗಿ ಒಣಹಾಕಿದ್ದರು. ನಾವು ಹೊರಗೆ ನಿಂತು ಬಾ ಬಾ ಬಾ ಅಂತ ಕರೆದೆವು. ನಿಚ್ಚಣಿಕೆ ಅವರ ಅಂಗಳದಲ್ಲಿತ್ತು. ಅಂಗಳಕ್ಕೆ ನಾವು ಕಾಲಿಡುವಂತಿರಲಿಲ್ಲ. ಕೋಳಿ ಹೋದ ಜಾಗಕ್ಕೆ ಕೋಳಿ ಸಾಕಿದವರು ಹೋಗಬಾರದು, ಇದು ಯಾವ ಲೆಕ್ಕ ಅಂತ ಕೇಳಲು ಅವತ್ತು ಬಾಯಿ ಇರಲಿಲ್ಲ. ಸಂಡಿಗಿಯನ್ನೆಲ್ಲ ತಿಪ್ಪೆಗೆ ಚೆಲ್ಲಿದರು. ಬೈದದ್ದು ಮಾತ್ರ ಕೋಳಿಯನ್ನಲ್ಲ.

ಮರುದಿನ ಅವ್ವ ಕತ್ರಿ ತಂದಳು. ನಾವು ಹ್ಯಾಟಿಯ ಕಾಲು ಹಿಡಿದೆವು. ಒಂದೇ ರೆಕ್ಕೆಯ ತುದಿಯ ಉದ್ದ ಗರಿಗಳನ್ನು ಅವ್ವ ಕತ್ತರಿಸಿದಳು. ಬಲಿತ ಗರಿ ಉಗುರಿದ್ದಂಗ, ರಕ್ತ ಬರಲಿಲ್ಲ. ಎರಡೂ ಯಾಕ ಬ್ಯಾಡ ಅಂದೆವು. “ಎರಡೂ ಕತ್ತರಿಸಿದ್ರ ಹೆಂಗಾರ ಮಾಡಿ ಹಾರತೈತಿ. ಒಂದ ಕತ್ತರಿಸಿದ್ರ ವಾಲತೈತಿ,” ಅಂದಳು. ಸಮತೋಲ ತಪ್ಪಿಸುವ ಈ ವಿದ್ಯೆಯನ್ನು ಅವಳಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ.

ಗರಿ ಉದುರಿ ಹೊಸದು ಬರುವ ಕಾಲ ಕೋಳಿಗೆ ಇದ್ದೇ ಇದೆ. ನಮ್ಮ ಹ್ಯಾಟಿ ಅಲ್ಲಿತನಕ ಉಳಿಯಲಿಲ್ಲ. ಟೊಂಗೆ ಏರಲಾಗದೆ ನೆಲದಲ್ಲಿ ಮಲಗಿತು. ನಾಕನೇ ದಿನ ಮುಂಜಾನೆ ಹಿತ್ತಲಲ್ಲಿ ಕರೀ ಪುಕ್ಕ ಸಿಕ್ಕವು. ಬೆಕ್ಕನ್ನು ಅವ್ವ ಬೈಯಲಿಲ್ಲ. ಕಾಲು ಹಿಡಿದ ಕೈ ನಮ್ಮವು.

ನಮಗೆ ಕಲಿಸಿದ ಮಾಸ್ತರರೊಬ್ಬರು, “ಎಷ್ಟು ಹಾರಿದ್ರೂ ನೀವು ಕೋಳಿಗೋಳ, ತಿಪ್ಪಿಗೇ ಇಳೀತೀರಿ” ಅನ್ನುತ್ತಿದ್ದರು. (ಹಳ್ಳಿ ಶಾಲೆಯ ಗೆಳೆಯರು ಮನ್ನಿಸಬೇಕು, ಎಲ್ಲರೂ ಹಾಗಲ್ಲ.) ಅವರಿಗೆ ಕೋಳಿಯ ಎದೆ ಗೊತ್ತಿರಲಿಲ್ಲ. ಕೋಳಿ ಹಸನು ಮಾಡಿದವರಿಗೆ ಗೊತ್ತು: ಎದೆಯ ಮಾಂಸ ಬಿಳಿ, ಕಾಲಿನದು ಕೆಂಪು. ದಿನವಿಡೀ ದುಡಿಯುವ ಸ್ನಾಯು ಆಮ್ಲಜನಕ ಹಿಡಿದಿಡಬೇಕು. ಹಿಡಿದಿಡುವ ಮಯೋಗ್ಲೋಬಿನ್ನೇ ಕೆಂಪು ಬಣ್ಣ ಕೊಡುತ್ತದೆ. ದೂರ ಹಾರುವ ಪಾರಿವಾಳದ ಎದೆ ಅದಕ್ಕೇ ಕಡುಗೆಂಪು. ಕೋಳಿಯ ಎದೆಯಾದರೋ ಕೂಡಿಟ್ಟ ಶಕ್ತಿಯನ್ನು ಒಮ್ಮೆಲೇ ಉರಿಸಿ, ಕೆಲವೇ ಕ್ಷಣ ಜೋರಾಗಿ ಬಡಿದು ದಣಿಯುತ್ತದೆ. ಊರು ದಾಟುವ ಹಾರಾಟವಲ್ಲ ಅದು, ಜೀವ ಉಳಿಸಿಕೊಳ್ಳುವ ಹಾರಾಟ. ಅದರ ಪೂರ್ವಜ ಕೆಂಪು ಕಾಡುಕೋಳಿ ಹಾರುವುದೂ ಹೀಗೆಯೇ. ನಮ್ಮ ಸಹ್ಯಾದ್ರಿಯಲ್ಲಿರುವ ಬೂದು ಕಾಡುಕೋಳಿಯ ರಕ್ತವೂ ಊರಕೋಳಿಯಲ್ಲಿ ಬೆರೆತಿದೆ. ಹಳದಿ ಕಾಲು ಬಂದದ್ದು ಅಲ್ಲಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಕುಲಶುದ್ಧಿಯ ಮಾತಾಡುವವರು ಸಾರಿಗೆ ಕೈ ಹಾಕುವ ಮುಂಚೆ ಕೋಳಿಯ ಕಾಲು ನೋಡಲಿ.

ಹಾರಲಾರದ ಕೋಳಿ ಬೇಕೆಂದರೆ ಪ್ಯಾಟಿಯ ಬ್ರಾಯ್ಲರ್ ಇದೆ. ಸುಮಾರು 40 ದಿನಕ್ಕೆ 2 ಕಿಲೋ ತೂಗುವಂತೆ ಅದನ್ನು ತಯಾರಿಸಿದ್ದಾರೆ. ಹಾರಿಸುವ ಎದೆಯನ್ನೇ ಕೊಬ್ಬಿಸಿ ಕೊಬ್ಬಿಸಿ ಹಾರಾಟ ಕಸಿದಿದ್ದಾರೆ. ರೆಕ್ಕೆ ಮಾತ್ರ ಹಂಗೇ ಐತಿ. ಅಲ್ಲಿ ಕತ್ರಿಯ ಖರ್ಚೂ ಇಲ್ಲ.

ಈಗ ಮನೆಯಲ್ಲಿ ಏಳು ಕೋಳಿಗಳಿವೆ. ಯಾವುದರ ಗರಿಯನ್ನೂ ನಾವು ಮುಟ್ಟಿಲ್ಲ. ನಿನ್ನೆ ಸಂಜೆ ಬೇವಿನ ಗಿಡದ ಕೆಳಗೆ ನಿಂತು ಅವ್ವ ಎಣಿಸಿದಳು, ಆರೇ ಇದ್ದವು. ಮ್ಯಾಲಿನ ಓಣಿಯ ಕಡೆಯಿಂದ ಕೂಗು ಕೇಳಿತು. ಅವ್ವ ಅತ್ತ ನೋಡಿದಳು, ಆಮೇಲೆ ನಮ್ಮ ಮುಖ ನೋಡಿದಳು. ನಾವು ನಮ್ಮದೇ ನಿಚ್ಚಣಿಕೆ ಹೆಗಲಿಗೇರಿಸಿಕೊಂಡು ಹೊರಟೆವು.