ಚಹಾ ಕುಡಿಯದ ಅತಿಥಿಗಳು

ಕೆ.ಜಿ.ಎಫ್.ನ ಗಣಿ ಲೈನುಗಳಲ್ಲಿ ಡಿಸೆಂಬರ್ ಮೊದಲ ವಾರದಲ್ಲೇ ಕಾಗದದ ನಕ್ಷತ್ರಗಳು ತೂಗಲು ಶುರುವಾಗುತ್ತವೆ. ತಗ್ಗಾದ ಮಾಡು, ತಲೆ ಬಗ್ಗಿಸಿ ಒಳಹೋಗಬೇಕಾದ ಬಾಗಿಲು, ಅದರ ಮೇಲೊಂದು ಕೆಂಪು ನಕ್ಷತ್ರ. ನಮ್ಮ ದಾದಾ ಆಂಡರ್‌ಸನ್‌ಪೇಟೆಯಲ್ಲಿ ದರ್ಜಿಯಾಗಿದ್ದರು. ನಮ್ಮ ಎರಡು ಈದ್‌ಗಳಿಗಿಂತ ಹೆಚ್ಚಿನ ಸಂಪಾದನೆ ಅವರಿಗೆ ತಮಿಳು ಕ್ರೈಸ್ತ ಕಾರ್ಮಿಕರ ಕ್ರಿಸ್‌ಮಸ್‌ನಲ್ಲಿ ಆಗುತ್ತಿತ್ತು. ಡಿಸೆಂಬರ್ ತಿಂಗಳಲ್ಲಿ ಅವರ ಹೊಲಿಗೆ ಯಂತ್ರ ಫಜರ್ ನಮಾಝಿನ ಹೊತ್ತಿನವರೆಗೂ ಓಡುತ್ತಿತ್ತು ಎಂದು ಅಬ್ಬಾ ಹೇಳುತ್ತಿದ್ದರು. ಹಾಗಾಗಿ ನಮ್ಮ ಮನೆಯವರಿಗೆ ಕ್ರಿಸ್‌ಮಸ್ ಎಂದರೆ ಬೇರೆಯವರ ಹಬ್ಬ ಎಂದು ದೂರ ನಿಂತು ನೋಡುವಂಥದ್ದಾಗಿರಲಿಲ್ಲ.

ಆ ಊರಿನ ಕ್ರಿಸ್‌ಮಸ್ ಮೊದಲಿನಿಂದಲೂ ಮನೆ ಬಿಟ್ಟು ಬಂದವರ ಹಬ್ಬ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಳನ್ನು ನಡೆಸತೊಡಗಿದಾಗ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರಿಕೆ ಬಲ್ಲ ತರುಣರು ಬಂದರು. ಉತ್ತರ ಆರ್ಕಾಟ್, ಚಿತ್ತೂರು ಕಡೆಗಳಿಂದ ಬಡ ದಲಿತರು ಬಂದರು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ನಮ್ಮ ಬಂಗಾರಪೇಟೆಯಿಂದ 1894ರಲ್ಲಿ ಗಣಿಗೆ ರೈಲು ಹಾದಿ ಬಿತ್ತು. ಬಿಳಿಯರು ಆ ಊರನ್ನು 'ಲಿಟಲ್ ಇಂಗ್ಲೆಂಡ್' ಎಂದು ಕರೆದು ಬಂಗಲೆಗಳಲ್ಲಿ ತಮ್ಮೂರಿನ ಕ್ರಿಸ್‌ಮಸ್ ಮಾಡಿಕೊಂಡರು. ಲೈನುಗಳಲ್ಲಿದ್ದವರು ಬಿರಿಯಾನಿ ಬೇಯಿಸಿ ತಮ್ಮದನ್ನು ಮಾಡಿಕೊಂಡರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಯವರ ಮಕ್ಕಳು ಬೆಳಗಿನ ಕತ್ತಲಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ನೌಕರಿಗೆ ಹೋಗತೊಡಗಿದರು. ನಕ್ಷತ್ರಗಳು ಮಾತ್ರ ತೂಗುವುದು ನಿಲ್ಲಲಿಲ್ಲ.

ನಾನು ಹೇಳಹೊರಟಿರುವುದು 2009ರ ಕ್ರಿಸ್‌ಮಸ್ ಬಗ್ಗೆ. ಅಂದು ಶುಕ್ರವಾರ, ಮೊಹರಂ ತಿಂಗಳ ಏಳನೆಯ ದಿನ. ನಮ್ಮಣ್ಣ ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ಎಸ್‌ಟಿಡಿ, ಐಎಸ್‌ಡಿ ಬೂತ್ ಇಟ್ಟಿದ್ದ. ಅಷ್ಟು ಹೊತ್ತಿಗೆ ಎಲ್ಲರ ಜೇಬಿಗೂ ಮೊಬೈಲ್ ಬಂದು ಅವನ ವ್ಯಾಪಾರ ಮುಕ್ಕಾಲು ಮುಗಿದಿತ್ತು. ಬೂತಿನ ಹಿಂದೆಯೇ ಮನೆ. ಅಮ್ಮ ಬಾಗಿಲಲ್ಲಿ ಮಡಕೆ ಇಟ್ಟುಕೊಂಡು ಬಂದ ಮಕ್ಕಳಿಗೆಲ್ಲ ಮೊಹರಂ ಶರಬತ್ತು ಹಂಚುತ್ತಿದ್ದಳು. ಸಂಜೆ ಏಳು ಗಂಟೆಯ ಸುಮಾರಿಗೆ ಇಬ್ಬರು ಹುಡುಗರು ಬೂತಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರಿನ ಪಟ್ಟಿ. ಒಬ್ಬ ಅಮೆರಿಕದವನು, ಕಿವಿಯವರೆಗೆ ಕೆಂಪಗಾಗಿದ್ದ. ಇನ್ನೊಬ್ಬ ರಾಜಮಂಡ್ರಿ ಕಡೆಯ ತೆಲುಗಿನವನು. ಇಬ್ಬರ ಪಟ್ಟಿಯ ಮೇಲೂ 'ಎಲ್ಡರ್' ಎಂದಿತ್ತು. ಎಲ್ಡರ್ ಎಂದರೆ ಹಿರಿಯ. ಮೀಸೆ ಸರಿಯಾಗಿ ಮೂಡದ ಈ ಹಿರಿಯರನ್ನು ಕಂಡು ಅಣ್ಣನಿಗೆ ನಗು.

ಅವರು ಮಾರ್ಮನ್ ಪಂಥದವರು. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬವರು ಸ್ಥಾಪಿಸಿದ ಸಭೆ ಇದು. ಕೇಂದ್ರ ಇರುವುದು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಮಾರ್ಮನ್ ಎಂಬ ಅಡ್ಡಹೆಸರು ಬೇಡ, ಯೇಸು ಕ್ರಿಸ್ತರ ಲ್ಯಾಟರ್-ಡೇ ಸೇಂಟ್ಸ್ ಸಭೆ ಎಂದೇ ಕರೆಯಿರಿ ಎಂದು 2018ರಿಂದ ಅವರ ಅಧ್ಯಕ್ಷರು ಹೇಳಿದ್ದಾರೆ. ಹಳೆಯ ರೂಢಿಯಿಂದ ನಾನು ಹಾಗೆ ಬರೆಯುತ್ತಿದ್ದೇನೆ. ಬೈಬಲ್ ಅಲ್ಲದೆ ಇನ್ನೊಂದು ಗ್ರಂಥವನ್ನೂ ನಂಬುವುದರಿಂದ, ತ್ರಿತ್ವವನ್ನು ಉಳಿದವರಂತೆ ಒಪ್ಪದಿರುವುದರಿಂದ ಅನೇಕ ಚರ್ಚುಗಳು ಇವರನ್ನು ಕ್ರೈಸ್ತರೆಂದೇ ಎಣಿಸುವುದಿಲ್ಲ. ಯಾರು ಒಳಗೆ, ಯಾರು ಹೊರಗೆ ಎಂಬ ಇಂಥ ತೀರ್ಪುಗಳು ನಮ್ಮ ಮೊಹಲ್ಲಾಗಳಿಗೂ ಹೊಸವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜೋಸೆಫ್ ಸ್ಮಿತ್‌ರನ್ನು ಹಳಿಯಬೇಕೆಂದವರು ಅವರನ್ನು 'ಅಮೆರಿಕದ ಮಹಮ್ಮದ್' ಎನ್ನುತ್ತಿದ್ದರು. ಒಂದೇ ಕಲ್ಲಿಗೆ ಎರಡು ಸಮುದಾಯಗಳಿಗೂ ಪೆಟ್ಟು.

ಈ ಪಂಥದ ತರುಣರು ಎರಡು ವರ್ಷ ಮನೆ ಬಿಟ್ಟು, ಸಭೆ ಕಳಿಸಿದ ಕಡೆ ಹೋಗಿ ಧರ್ಮ ಪ್ರಚಾರ ಮಾಡಬೇಕು. ಊರು ಅವರು ಆರಿಸಿಕೊಂಡದ್ದಲ್ಲ. ಖರ್ಚು ಹೆಚ್ಚಾಗಿ ಅವರದೇ, ಇಲ್ಲವೆ ಮನೆಯವರದು. ಒಬ್ಬೊಬ್ಬರೇ ಓಡಾಡುವಂತಿಲ್ಲ, ಜೊತೆಗಾರ ಇರಲೇಬೇಕು. ಹೆಣ್ಣುಮಕ್ಕಳಿಗೆ ಹದಿನೆಂಟು ತಿಂಗಳು. ಬೆಂಗಳೂರಿನಲ್ಲಿ ಅವರ ಮಿಷನ್ ಶುರುವಾದದ್ದು 1993ರಲ್ಲಿ. ಆ ದಿನಗಳಲ್ಲಿ ಅವರಿಗೆ ಇನ್ನೊಂದು ನಿಯಮವಿತ್ತು: ಮನೆಗೆ ಕಾಗದ, ಇ-ಮೇಲ್ ಬರೆಯಬಹುದು, ಆದರೆ ಫೋನಿನಲ್ಲಿ ಮಾತನಾಡುವುದು ವರ್ಷಕ್ಕೆ ಎರಡೇ ಸಲ. ಒಂದು ಕ್ರಿಸ್‌ಮಸ್‌ಗೆ, ಇನ್ನೊಂದು ತಾಯಂದಿರ ದಿನಕ್ಕೆ.

ಅಂದಿನ ಗಡಿಬಿಡಿಗೆ ಅದೇ ಕಾರಣ. ಚಾಂಪಿಯನ್ ರೀಫ್ಸ್‌ನ ಒಂದು ಕುಟುಂಬ ಅವರನ್ನು ಮಧ್ಯಾಹ್ನದ ಊಟಕ್ಕೆ ಕರೆದಿತ್ತು. ಅಮೆರಿಕದ ಹುಡುಗ ಸಂಜೆ ಬೆಂಗಳೂರಿನ ತನ್ನ ಕೋಣೆ ಸೇರಿ ಮನೆಯವರ ಫೋನಿಗೆ ಕಾಯಬೇಕಿತ್ತು. ಮುಂದಿನ ಗಾಡಿ ತಡ. ನಮಗೆ ಸಂಜೆ ಏಳೂವರೆ ಆದಾಗ ಅವನ ಊರಿನಲ್ಲಿ ಅದೇ ದಿನದ ಬೆಳಿಗ್ಗೆ ಏಳು. ಅಪ್ಪ, ಅಮ್ಮ, ತಂಗಿಯರು ಎದ್ದು ಫೋನಿನ ಸುತ್ತ ಕೂತಿರುತ್ತಾರೆ. ಅವರ ಬಳಿ ಇದ್ದ ಮೊಬೈಲಿಗೆ ಐಎಸ್‌ಡಿ ಇರಲಿಲ್ಲ.

ಹುಡುಗ ಗಾಜಿನ ಗೂಡಿನೊಳಗೆ ಹೋದ. ಹಲೋ ಎಂದವನು ಮೊದಲು ಜೋರಾಗಿ ನಕ್ಕ. ಆಮೇಲೆ ಅವನ ಕಣ್ಣು ಮೀಟರಿನ ಕೆಂಪು ಅಂಕಿಗಳ ಮೇಲೆ ನೆಟ್ಟುಕೊಂಡಿತು. ಐಎಸ್‌ಡಿ ಮೀಟರು ಓಡುವುದನ್ನು ಕಂಡವರಿಗೆ ಗೊತ್ತು, ಬಾಯಿಗೆ ಬಂದ ಮಾತೂ ಗಂಟಲಲ್ಲೇ ನಿಲ್ಲುತ್ತದೆ. ಅಣ್ಣ ಎದ್ದು ಬಾಗಿಲು ಸರಿಸಿ, ಮೀಟರಿನ ಮೇಲೆ ಅಂದಿನ ಪೇಪರು ಮುಚ್ಚಿ ಬಂದ. ಸ್ವಲ್ಪ ಹೊತ್ತಿಗೆ ಹುಡುಗ ಗೋಡೆಯ ಕಡೆ ತಿರುಗಿ ನಿಂತ. ಭುಜ ಅಲುಗುತ್ತಿದ್ದವು. ನಾವು ರಸ್ತೆಯ ಕಡೆ ನೋಡುತ್ತಾ ಕೂತೆವು.

ಅಷ್ಟರಲ್ಲಿ ಅಮ್ಮ ತೆಲುಗಿನ ಹುಡುಗನಿಗೆ ಚಹಾ ತಂದಿದ್ದಳು. ಅವನು ಎದ್ದು ನಿಂತು, "ಅಮ್ಮಗಾರೂ, ಮೇಮು ಟೀ ತಾಗಮಂಡಿ" ಎಂದ. ಕಾಫಿ? ಅದೂ ಇಲ್ಲ. ಬೀಡಿ, ಸಿಗರೇಟು, ಹೆಂಡ ಯಾವುದೂ ಇಲ್ಲ, ಅವರ ಧರ್ಮದಲ್ಲಿ ನಿಷಿದ್ಧ. "ಚಾ ಬೀ ನೈ ಪೀತೇ ಕತೆ!" ಎಂದು ಅಮ್ಮ ನನ್ನ ಕಡೆ ತಿರುಗಿದಳು. ಹೆಂಡ ಹರಾಮು ಎಂಬುದು ಅವಳಿಗೆ ಅರ್ಥವಾಗುತ್ತದೆ. ಪಾಪದ ಚಹಾ ಏನು ಮಾಡಿತು? ಆಮೇಲೆ ಮಡಕೆಯಲ್ಲಿ ಉಳಿದಿದ್ದ ಶರಬತ್ತು ತಂದುಕೊಟ್ಟಳು. ಅದಕ್ಕೆ ಅಡ್ಡಿಯಿರಲಿಲ್ಲ.

ಬಂಗಾರಪೇಟೆಯಲ್ಲಿ ಬೆಳೆದವರಿಗೆ ತೆಲುಗು ಮಾತನಾಡುವುದು ಕಷ್ಟವಲ್ಲ. ಅಮ್ಮ ಅವನ ಮನೆಯ ಸಂಗತಿಯನ್ನೆಲ್ಲ ಕೇಳಿದಳು. ಅವನು ತನ್ನ ಫೋನನ್ನು ಬೆಳಿಗ್ಗೆಯೇ ಮುಗಿಸಿದ್ದ. ಮನೆಯಲ್ಲಿ ಫೋನಿಲ್ಲ; ತಾಯಿ ಪಕ್ಕದ ಮನೆಗೆ ಬಂದು ನಿಂತು ಮಾತನಾಡಿದ್ದಳಂತೆ. ಅಲ್ಲಿ ನೆರೆಯವರೆಲ್ಲ ಇದ್ದುದರಿಂದ ಊಟ ಆಯಿತೇ ಎಂದು ಕೇಳಿದ್ದು ಬಿಟ್ಟರೆ ಅವಳು ಹೆಚ್ಚೇನೂ ಹೇಳಲಿಲ್ಲ. ಇಲ್ಲಿಂದ ರಾತ್ರಿ ರೈಲು ಹತ್ತಿದರೆ ಮರುದಿನ ತಾಯಿಯ ಮುಖ ನೋಡಬಹುದು, ಆದರೆ ಎರಡು ವರ್ಷ ಹೋಗುವಂತಿಲ್ಲ. ಪರದೇಶ ಎಂದರೆ ಸಮುದ್ರದಾಚೆ ಇರುವುದು ಎಂದುಕೊಂಡಿದ್ದ ನನಗೆ, ಆ ಇಬ್ಬರಲ್ಲಿ ಹೆಚ್ಚು ದೂರ ಇದ್ದವನು ಯಾರು ಎಂದು ಇವತ್ತಿಗೂ ನಿರ್ಧರಿಸಲಾಗಿಲ್ಲ.

ಅಮೆರಿಕದ ಹುಡುಗ ಮುಖ ಒರೆಸಿಕೊಂಡು ಹೊರಬಂದ ಮೇಲೆ ಅಮ್ಮ ಇಬ್ಬರಿಗೂ ಖರ್ಜೂರ ಕೊಟ್ಟು ಬೀಬಿ ಮರ್ಯಮರ ಕಥೆ ಹೇಳಿದಳು. ಕುರ್‌ಆನಿನಲ್ಲಿ ಮರ್ಯಮರ ಹೆಸರಿನ ಒಂದು ಅಧ್ಯಾಯವೇ ಇದೆ. ಅದರಂತೆ ಹೆರಿಗೆ ನೋವು ಬಂದಾಗ ಆ ತಾಯಿ ಒಬ್ಬಳೇ, ಮನೆಯಿಂದ ದೂರ, ಒಂದು ಖರ್ಜೂರದ ಮರದ ಬುಡದಲ್ಲಿ. ಮರ ಅಲುಗಿಸು, ಹಣ್ಣು ಬೀಳುತ್ತದೆ, ತಿಂದು ನೀರು ಕುಡಿದು ಸಮಾಧಾನ ಮಾಡಿಕೋ ಎಂಬ ದನಿ ಕೇಳುತ್ತದೆ. ಇದನ್ನು ಅಮ್ಮ ತೆಲುಗಿನಲ್ಲಿ ಹೇಳಿ, ಆ ಹುಡುಗ ಇಂಗ್ಲಿಷಿಗೆ ತಿರುಗಿಸಿ, ಕೇಳಿದವನು ಕೈಯಲ್ಲಿದ್ದ ಖರ್ಜೂರವನ್ನೇ ನೋಡುತ್ತಾ ನಿಂತ. ಅವನು ಓದಿದ ಕಥೆಯಲ್ಲಿ ದನದ ಕೊಟ್ಟಿಗೆ ಇತ್ತು, ಮರ ಇರಲಿಲ್ಲ.

ಹೊರಡುವಾಗ ಅವನು ಬ್ಯಾಗಿನಿಂದ ಪುಸ್ತಕವೊಂದನ್ನು ಅರ್ಧ ತೆಗೆದು, ಕೊಡಬಹುದೇ ಎಂದು ಕೇಳಿದ. ಬೇಡ ತಮ್ಮ, ನಮ್ಮದು ನಮಗಿದೆ ಎಂದು ಅಣ್ಣ ಹೇಳಿದ. ಅವನು ಮತ್ತೆ ಒತ್ತಾಯಿಸದೆ ಒಳಗಿಟ್ಟ. ಅಣ್ಣ ಫೋನಿನ ಬಿಲ್ಲನ್ನು ಪೈಸೆ ಬಿಡದೆ ತೆಗೆದುಕೊಂಡ. ಗಾಡಿ ಬಂತು, ಹೋದರು.

ಮರುದಿನ ಮಸೀದಿಯ ಹತ್ತಿರ ನೆರೆಯ ಚಾಚಾ ಒಬ್ಬರು ಅಣ್ಣನನ್ನು ನಿಲ್ಲಿಸಿದರು. "ಏನು ಬೇಟಾ, ಪಾದ್ರಿ ಹುಡುಗರನ್ನು ಮನೆಯಲ್ಲಿ ಕೂರಿಸಿಕೊಂಡೆಯಂತೆ?" ಅವರ ಹೆದರಿಕೆ ಸುಳ್ಳಲ್ಲ. ಹಿಂದಿನ ವರ್ಷ, 2008ರ ಸೆಪ್ಟೆಂಬರಿನಲ್ಲಿ, ಮತಾಂತರದ ಆರೋಪ ಹೊರಿಸಿ ಮಂಗಳೂರಿನಲ್ಲೂ ರಾಜ್ಯದ ಬೇರೆ ಕಡೆಗಳಲ್ಲೂ ಚರ್ಚುಗಳ ಮೇಲೆ ದಾಳಿ ನಡೆದಿತ್ತು. ಆ ಹುಡುಗರನ್ನು ಹುಡುಕಿಕೊಂಡು ಯಾರಾದರೂ ಬಂದಿದ್ದರೆ ಒಡೆಯುತ್ತಿದ್ದುದು ನಮ್ಮ ಬೂತಿನ ಗಾಜು. ಅಣ್ಣ, "ಚಾಚಾ, ನಿಮ್ಮ ಮೂರು ಮಕ್ಕಳೂ ಹುಟ್ಟಿದ್ದು ಇ.ಟಿ.ಸಿ.ಎಂ.ನಲ್ಲಿ ಅಲ್ಲವೆ?" ಎಂದ. ಕೋಲಾರದ ಆ ಆಸ್ಪತ್ರೆ ಅಮೆರಿಕದ ಮೆಥಡಿಸ್ಟ್ ಮಿಷನ್ನಿನವರದು. ಅವರಿಗಿಂತ ಮೊದಲು ಅಲ್ಲಿ, 1876–78ರ ಮಹಾಕ್ಷಾಮದಲ್ಲಿ ಅನಾಥರಾದ ಮಕ್ಕಳನ್ನು ಸಾಕಿದವರು ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಹೆಣ್ಣುಮಗಳು. ಚಾಚಾ ಸೋಲಲಿಲ್ಲ: "ಅವರು ಔಷಧಿ ಕೊಟ್ಟರು. ಇವರು ಪುಸ್ತಕ ಹಿಡಿದು ಬರುತ್ತಾರೆ." ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಔಷಧಿಯ ಜೊತೆಗೂ ಪುಸ್ತಕ ಬಂದಿತ್ತು ಎಂಬುದನ್ನು ಅವರು ಮರೆತಿದ್ದರು, ಅಷ್ಟೆ.

ಅಮ್ಮ ಈ ವಾದಕ್ಕೆ ಸೇರಲಿಲ್ಲ. ಅವಳ ಲೆಕ್ಕ ಬೇರೆ. ಅದಕ್ಕೆ ಎರಡು ವರ್ಷ ಹಿಂದೆ ನನ್ನ ತಮ್ಮ ತಬ್ಲೀಗ್ ಜಮಾಅತ್‌ನಲ್ಲಿ ನಾಲ್ಕು ತಿಂಗಳು ಹೋಗಿದ್ದ. ಅವನದೂ ಸ್ವಂತ ಖರ್ಚು, ಅವನಿಗೂ ಊರು ಆರಿಸಿಕೊಳ್ಳುವ ಹಕ್ಕಿರಲಿಲ್ಲ, ಹೆಗಲ ಮೇಲೆ ಹಾಸಿಗೆಯ ಸುರುಳಿ. ನಮ್ಮ ಜಮಾಅತ್‌ನವರು ಬಾಗಿಲು ತಟ್ಟುವುದು ಮುಸ್ಲಿಮರ ಮನೆಗಳನ್ನು ಮಾತ್ರ; ಅದು ವ್ಯತ್ಯಾಸವೇ ಹೌದು. ಆದರೆ ಬಕ್ರೀದಿನ ದಿನ ತಮ್ಮ ಬಿಹಾರದ ಯಾವುದೋ ಹಳ್ಳಿಯ ಮಸೀದಿಯಲ್ಲಿದ್ದ. ಅಮ್ಮ ಬೆಳಿಗ್ಗೆಯಿಂದ ಅಣ್ಣನ ಬೂತಿನಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಅಸರ್ ಆದ ಮೇಲೆ ಫೋನು ಬಂತು. ಆ ಊರಿನ ಯಾರೋ ಮನೆಗೆ ಕರೆದು ಮಾಂಸದ ಊಟ ಹಾಕಿದರು ಎಂದು ತಮ್ಮ ಹೇಳಿದ ಮೇಲೆಯೇ ಅವಳು ಎದ್ದು ತಾನು ಉಂಡದ್ದು.

2019ರ ಫೆಬ್ರವರಿಯಲ್ಲಿ ಮಾರ್ಮನ್ ಸಭೆ ತನ್ನ ನಿಯಮ ಬದಲಿಸಿ, ಮಿಷನರಿ ಹುಡುಗರು ವಾರಕ್ಕೊಮ್ಮೆ ಮನೆಯವರೊಡನೆ ಫೋನಿನಲ್ಲಿ ಮಾತನಾಡಬಹುದು ಎಂದಿತು. ಇದನ್ನು ಓದಿ ಹೇಳಿದಾಗ ಅಮ್ಮ, "ತಾಯಂದಿರು ಜಗಳ ಮಾಡಿರಬೇಕು" ಎಂದಳು. ಬೂತಿನ ಗಾಜಿನ ಗೂಡು ಹೋಗಿ ಅಲ್ಲಿ ರೀಚಾರ್ಜು, ಜೆರಾಕ್ಸು ಬಂದು ಎಷ್ಟೋ ಕಾಲವಾಗಿತ್ತು.

ಮರುವರ್ಷ, 2020ರ ಮಾರ್ಚಿನಲ್ಲಿ, ದೆಹಲಿಯ ನಿಜಾಮುದ್ದೀನ್ ಮರ್ಕಝಿಗೆ ಬಂದಿದ್ದ ವಿದೇಶಿ ಜಮಾಅತ್‌ನವರ ಮೇಲೆ ಕೊರೋನಾ ಹರಡಿದ ಆರೋಪ ಬಿತ್ತು. ಟಿ.ವಿ.ಯಲ್ಲಿ ಅವರನ್ನು ಬಾಂಬುಗಳೆಂದು ಕರೆಯುತ್ತಿದ್ದರು. ಆ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಇವರನ್ನು ಬಲಿಪಶು ಮಾಡಲಾಗಿದೆ ಎಂದು ಹೇಳಿ ಮೊಕದ್ದಮೆಗಳನ್ನು ರದ್ದುಮಾಡಿತು. ಡಿಸೆಂಬರಿನಲ್ಲಿ ದೆಹಲಿಯ ನ್ಯಾಯಾಲಯ 36 ಮಂದಿ ವಿದೇಶಿಯರನ್ನು ಖುಲಾಸೆ ಮಾಡಿತು. ಅದೆಲ್ಲ ಆಮೇಲಿನ ಮಾತು. ಮೇ ತಿಂಗಳಲ್ಲಿ ಈದ್ ಬಂದಾಗ ಅವರಲ್ಲಿ ಎಷ್ಟೋ ಜನ ಕ್ವಾರಂಟೈನಿನಲ್ಲೇ ಇದ್ದರು. ನಾವು ಮನೆಯಲ್ಲೇ ಈದ್ ನಮಾಝ್ ಮುಗಿಸಿ ಕೂತಿದ್ದೆವು. ಟಿ.ವಿ.ಯವನು ಮತ್ತೆ ಅದೇ ಚಿತ್ರ ತೋರಿಸುತ್ತಿದ್ದ: ಮಾಸ್ಕು ಹಾಕಿದ ಹುಡುಗರು ಬಸ್ಸು ಹತ್ತುವುದು. ಅಮ್ಮ ಶೀರ್‌ಖುರ್ಮಾದ ಬಟ್ಟಲು ಕೆಳಗಿಟ್ಟು, "ಈ ಮಕ್ಕಳಿಗೆ ಇವತ್ತು ಮನೆಗೆ ಫೋನು ಮಾಡಲಿಕ್ಕೆ ಬಿಟ್ಟಿದ್ದಾರಂತೇನು?" ಎಂದು ಕೇಳಿದಳು. ಮನೆಗೆ ಬರುತ್ತಿದ್ದ ಎರಡೂ ಪತ್ರಿಕೆಗಳನ್ನು ತಿರುವಿಹಾಕಿದೆ. ಅದೊಂದನ್ನು ಯಾರೂ ಬರೆದಿರಲಿಲ್ಲ.