ಎಂಟು ಪ್ಯಾಡುಗಳಲ್ಲಿ ಒಂದು

ಹೊಳಲು, ಮದ್ದೂರು, ಮಳವಳ್ಳಿ ಕಡೆಯ ಊರಹಬ್ಬಗಳಲ್ಲಿ, ಗಣಪತಿ ಬಿಡುವ ಮೆರವಣಿಗೆಗಳಲ್ಲಿ ತಮಟೆ, ನಗಾರಿಗಳ ಜೊತೆಗೆ ಈಗ ಡಿಜೆಯೂ ಸೇರಿಕೊಂಡಿದೆ. ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಸ್ಪೀಕರುಗಳು, ಹಿಂದೆ ಲ್ಯಾಪ್‌ಟಾಪು, ಪಕ್ಕದಲ್ಲಿ ಕಂಟ್ರೋಲರು. ಆ ಕಂಟ್ರೋಲರಿನ ಒಂದೊಂದು ಬದಿಗೂ ಸಾಮಾನ್ಯವಾಗಿ ಎಂಟೆಂಟು ಪ್ಯಾಡು. ಒತ್ತಿದರೆ ಸೈರನ್ನೋ ಹಾರನ್ನೋ ಹೊಮ್ಮುತ್ತದೆ. ತಂತ್ರಾಂಶದ ಜೊತೆಗೇ ಬಂದ ಸದ್ದುಗಳವು, ಎಲ್ಲೋ ಒಂದು ಕ್ಲಬ್ಬಿನ ಕುಣಿತವನ್ನು ಮನಸ್ಸಿನಲ್ಲಿಟ್ಟು ಆರಿಸಿದವು. ಯಾವ ಪ್ಯಾಡಿಗೆ ಯಾವ ಕೆಲಸ ಎಂಬುದನ್ನು ಹಬ್ಬದ ನಡೆ ಗೊತ್ತಿರುವ ನುಡಿಸುವವನೇ ಗೊತ್ತುಮಾಡಬೇಕು ಎಂಬುದು ನನ್ನ ವಾದ. ಅದೇನೂ ಅಸಾಧ್ಯದ ಕೆಲಸವಲ್ಲ, ಏಕೆಂದರೆ ಬಟನ್ನಿನೊಳಗೆ ಸದ್ದೇ ಇಲ್ಲ. 1983ರಲ್ಲಿ ಬಂದ ಮಿಡಿ ಪದ್ಧತಿಯಂತೆ, ಒತ್ತಿದಾಗ ಅದು ಕಳಿಸುವುದು 0ಯಿಂದ 127ರೊಳಗಿನ ಒಂದು ಸಂಖ್ಯೆಯನ್ನು, ಜೊತೆಗೆ ಒತ್ತಿದ ಬಲವನ್ನು ಹೇಳುವ ಇನ್ನೊಂದನ್ನು. ಆ ಸಂಖ್ಯೆಗೆ ಅರ್ಥ ಕೊಡುವುದು ತಂತ್ರಾಂಶ. ವರ್ಚುವಲ್ ಡಿಜೆ ಎಂಬ ತಂತ್ರಾಂಶದಲ್ಲಿ, ಯಾವ ಬಟನ್ನಿಗೆ ಯಾವ ಕೆಲಸ ಎಂದು ಹೊಂದಿಸುವ ಮ್ಯಾಪಿಂಗ್ ಪುಟದಲ್ಲಿ ಆ ಅರ್ಥವನ್ನು ಯಾರು ಬೇಕಾದರೂ ಬದಲಿಸಬಹುದು. ಪದೇಪದೇ ಬೇಕಾಗುವುದು ತೋರುಬೆರಳಿಗೆ ಎಟುಕಲಿ. ತಪ್ಪಿ ಕೂಗಬಾರದ ಸೈರನ್ನು ಶಿಫ್ಟ್ ಬಟನ್ ಹಿಡಿದು ಒತ್ತಿದರೆ ಮಾತ್ರ ಬರಲಿ. ಉದ್ದದ ಸದ್ದು ಬೆರಳೆತ್ತಿದ ಕೂಡಲೇ ನಿಲ್ಲುವಂತಿರಲಿ.

ಲ್ಯಾಪ್‌ಟಾಪಿನ ಪರದೆಯ ಮೇಲೆ ಮೌಸ್ ಒತ್ತಿದರೂ ಸದ್ದು ಬರುತ್ತದಲ್ಲ, ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. ಉತ್ತರ ಈ ಸೀಮೆಯ ಪೌರಾಣಿಕ ನಾಟಕದಲ್ಲೇ ಇದೆ. ಕುರುಕ್ಷೇತ್ರದ ಭೀಮ ಗದೆ ಬೀಸಿದಾಗ, ಹಾರ್ಮೋನಿಯಂ ಮೇಷ್ಟ್ರ ಪಕ್ಕದಲ್ಲಿ ರಿದಂ ಪ್ಯಾಡಿಗೆ ಕುಳಿತವನು ಆ ಏಟಿಗೇ ಸದ್ದು ಕೊಡಬೇಕು. ಕ್ಷಣ ತಡವಾದರೂ ಗದೆ ಹಗುರಾಗಿಬಿಡುತ್ತದೆ. ಅವನ ಕಣ್ಣು ನಟನ ತೋಳಿನ ಮೇಲಿರಬೇಕು, ಪ್ಯಾಡನ್ನು ಹುಡುಕುವ ಕೆಲಸ ಬೆರಳಿನದು. 1985ರಲ್ಲಿ ರೋಲ್ಯಾಂಡ್ ಕಂಪನಿ ತಂದ ಆಕ್ಟೋಪ್ಯಾಡ್ ಎಂಬ ರಿದಂ ಪ್ಯಾಡಿನಲ್ಲೂ ಇದ್ದದ್ದು ಎಂಟೇ ಪ್ಯಾಡು. ಕೈಗೆ ನೆನಪಿರುವಷ್ಟು ಸದ್ದುಗಳಿದ್ದರೆ ಸಾಕು, ನೂರು ಬೇಡ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಡಿಜೆಯೇ ತಮಟೆಯನ್ನು ನುಂಗುತ್ತಿರುವಾಗ ಅದರ ಬಟನ್ನುಗಳನ್ನು ಚೆಂದಮಾಡಿ ಏನು ಫಲ? ಈ ಮಾತಿನ ನೋವು ನಿಜವಾದದ್ದು. ಬೆಂಕಿಗೆ ಹಿಡಿದು ಎಷ್ಟೇ ಬಿಗಿ ಮಾಡಿದರೂ ತಮಟೆಯ ಚರ್ಮ ಸ್ಪೀಕರುಗಳ ಸಾಲನ್ನು ಮೀರಿ ನುಡಿಯಲಾರದು. ಆದ್ದರಿಂದಲೇ ಎಂಟರಲ್ಲಿ ಒಂದು ಪ್ಯಾಡನ್ನು ಹಾಡು ತಗ್ಗಿಸಲು ಮೀಸಲಿಡಬೇಕು. ಪೂಜಾ ಕುಣಿತದವರು ಹೆಜ್ಜೆ ಹಾಕತೊಡಗಿದಾಗ, ಮಂಗಳಾರತಿ ಎತ್ತಿದಾಗ ಒಮ್ಮೆ ಒತ್ತಿದರೆ ಹಾಡಿನ ಮಟ್ಟ ಇಳಿದು, ಬೇಸ್ ಅಡಗಬೇಕು. ಸದ್ದಿನ ಮಟ್ಟ ಏರಿಳಿಸುವ ಫೇಡರ್ ಇದ್ದೇ ಇದೆ, ನಿಜ. ಆದರೆ ಎರಡೂ ಬದಿಯ ಫೇಡರು, ಬೇಸಿನ ತಿರುಪು ಎಲ್ಲವನ್ನೂ ಗದ್ದಲದ ನಡುವೆ ಹುಡುಕಿ ಇಳಿಸುವ ಹೊತ್ತಿಗೆ ಆರತಿ ಮುಗಿದಿರುತ್ತದೆ. ಮೊದಲೇ ಹೊಂದಿಸಿಟ್ಟರೆ, ತಮಟೆಯವರಿಗೆ ಜಾಗ ಬಿಡುವ ಮಾತು ಮೆರವಣಿಗೆ ಹೊರಡುವ ಮುಂಚೆಯೇ ಇತ್ಯರ್ಥವಾಗಿರುತ್ತದೆ. ತಮಟೆಯ ಸದ್ದನ್ನೇ ರೆಕಾರ್ಡ್ ಮಾಡಿ ಪ್ಯಾಡಿಗೆ ಹಾಕಿದರಾಯಿತು ಎಂಬ ಉಪಾಯವನ್ನು ನಾನು ಒಪ್ಪಲಾರೆ. ನುಡಿಸುವವರು ಎದುರಿಗೇ ನಿಂತಿರುವಾಗ ಅದು ಅವರ ಕೂಲಿಗೂ ಕಲೆಗೂ ಹೊಡೆತ. ಇನ್ನು ಬಾಡಿಗೆಯ ಸೆಟ್ಟಿನಲ್ಲಿ ನುಡಿಸುವವರು ಬದಲಾಗುತ್ತಲೇ ಇರುತ್ತಾರಾದ್ದರಿಂದ, ಹೊಂದಿಸಿದ ಮ್ಯಾಪಿಂಗನ್ನು ತಮ್ಮ ಪೆನ್‌ಡ್ರೈವಿನಲ್ಲೂ ಇಟ್ಟುಕೊಂಡು, ತಗ್ಗಿಸುವ ಪ್ಯಾಡಿನ ಪಕ್ಕ ಒಂದು ಚೂರು ಬಿಳಿ ಟೇಪು ಅಂಟಿಸುವುದು ಒಳ್ಳೆಯದು. ಮಬ್ಬುಬೆಳಕಿನಲ್ಲೂ ಅದು ಕಾಣುತ್ತದೆ.