ಬಾಡಿಗೆ ಮನೆಯ ಮೂರನೆಯ ಪಿನ್ನು

ನಿವೃತ್ತಿಯ ಹಣ ಕೈಗೆ ಬಂದವರಿಗೆ ಸಲಹೆ ಕೊಡದವರೇ ಇಲ್ಲ. ಬೈಲಹೊಂಗಲದ ಒಬ್ಬ ನಿವೃತ್ತ ಗುಮಾಸ್ತರಿಗೂ ಓಣಿಯವರೆಲ್ಲ ಹೇಳಿದ್ದು ಒಂದೇ ಮಾತು: ಮಾಳಿಗೆಯ ಮೇಲೆ ಎರಡು ಖೋಲಿ ಹಾಕಿಸಿರಿ, ತಿಂಗಳಾ ಬಾಡಿಗೆ ಬರುತ್ತದೆ. ಸವದತ್ತಿ, ರಾಮದುರ್ಗ, ಕಿತ್ತೂರು ಕಡೆಯ ಹುಡುಗರು ಕಾಲೇಜಿಗೆ ಬರುವ ಊರು. ಬರೀ ಖೋಲಿಗೆ ಒಂದು ಬಾಡಿಗೆಯಾದರೆ, ಅಡಿಗೆಯ ಸಾಮಾನು ಇಟ್ಟ ಖೋಲಿಗೆ ಇನ್ನೊಂದು. ಗುಮಾಸ್ತರು ಕಾಗದ, ಪೆನ್ನು ಹಿಡಿದು ಕುಳಿತರು. ಗ್ಯಾಸ್ ಒಲೆ, ಮಿಕ್ಸರ್, ಚಿಕ್ಕ ಫ್ರಿಜ್ಜು, ಇಂಡಕ್ಷನ್ ಒಲೆ, ನೀರು ಕಾಯಿಸುವ ಕಾಯಿಲ್. ಎಲ್ಲವೂ ಎರಡೆರಡು.

ತನಗಾಗಿ ಕೊಳ್ಳುವ ಮನುಷ್ಯನೇ ಬೇರೆ, ಬಾಡಿಗೆದಾರನಿಗಾಗಿ ಕೊಳ್ಳುವವನೇ ಬೇರೆ. ಸ್ವಂತ ಮನೆಗೆ ಮಿಕ್ಸರ್ ತರುವಾಗ ಅವರ ಹೆಂಡತಿ ಜಾರಿನ ಮುಚ್ಚಳ ತೆಗೆದು ಹಾಕಿ ನೋಡಿದ್ದರು, ಬಟನ್ನು ತಿರುಗಿಸಿ ಸದ್ದು ಕೇಳಿದ್ದರು, ರಿಪೇರಿಗೆ ಎಲ್ಲಿಗೆ ಹೋಗಬೇಕೆಂದು ವಿಚಾರಿಸಿದ್ದರು. ಈ ಸಲ ಬೆಳಗಾವಿಯ ಅಂಗಡಿಯಲ್ಲಿ ಗುಮಾಸ್ತರು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕಿಂತ ಕಡಿಮಿದು ಇಲ್ಲೇನ್ರಿ?"

ಫ್ರಿಜ್ಜಿನ ಬಾಗಿಲಿಗೆ ನಕ್ಷತ್ರಗಳ ಚೀಟಿ ಅಂಟಿಸಿರುತ್ತಾರಲ್ಲ, ಕೇಂದ್ರದ ಇಂಧನ ದಕ್ಷತಾ ಸಂಸ್ಥೆ 2006ರಲ್ಲಿ ಆರಂಭಿಸಿದ ಪದ್ಧತಿ ಅದು. ಅದರಲ್ಲಿ ನಕ್ಷತ್ರಗಳಿಗಿಂತ ಮುಖ್ಯವಾದದ್ದು ವರ್ಷಕ್ಕೆ ಎಷ್ಟು ಯೂನಿಟ್ ತಿನ್ನುತ್ತದೆಂಬ ಅಂಕಿ. ಒಂದರಲ್ಲಿ 250, ಇನ್ನೊಂದರಲ್ಲಿ 150 ಎಂದಿದ್ದರೆ ವರ್ಷಕ್ಕೆ ನೂರು ಯೂನಿಟ್ಟಿನ ಅಂತರ. ಮಾಲಕನಿಗೆ ಉಳಿತಾಯ ಕೊಂಡ ದಿನ ಒಮ್ಮೆ ಮಾತ್ರ. ಬಾಡಿಗೆದಾರನಿಗೆ ಖರ್ಚು ಪ್ರತಿ ತಿಂಗಳೂ. 2023ರಲ್ಲಿ ಬಂದ ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು, ನಿಜ. ಆದರೆ ಮೀಟರು ತಿಂಗಳಿಗೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮಾಲಕನಿಗೂ ಖೋಲಿಗಳಿಗೂ ಸೇರಿ ಒಂದೇ ಮೀಟರಿದ್ದರೆ ದಾಟುವುದಕ್ಕೆ ಬಹಳ ಹೊತ್ತು ಬೇಡ.

ಸಾಮಾನು ಮನೆಗೆ ಬಂದ ದಿನ ಹೆಂಡತಿ ಸುತ್ತ ಒಮ್ಮೆ ನೋಡಿ ಕೇಳಿದರು: "ಎಲ್ಲಾ ತಂದ್ರಿ ಖರೆ. ಹುಡುಗ್ರು ಏನ್ ಉಣ್ತಾರ ಅಂತ ಯಾರ್ನರ ಕೇಳೀರೇನು?"

ಕೇಳಿರಲಿಲ್ಲ. ಈ ಭಾಗದ ಹುಡುಗರ ಊಟವೆಂದರೆ ಜೋಳದ ರೊಟ್ಟಿ. ಇಂಡಕ್ಷನ್ ಒಲೆಯಲ್ಲಿ ಉರಿಯಿಲ್ಲ. ಅದರ ಸುರುಳಿಯಲ್ಲಿ ಬದಲಾಗುತ್ತಲೇ ಇರುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲೇ ವಿದ್ಯುತ್ ಹರಿಸಿ ಅದನ್ನು ಬಿಸಿ ಮಾಡುತ್ತದೆ. ತಳಕ್ಕೆ ಅಯಸ್ಕಾಂತ ಅಂಟಬೇಕು, ತಳ ಸಪಾಟಾಗಿರಬೇಕು. ನಡುವೆ ತಗ್ಗಾದ ಕಬ್ಬಿಣದ ಹಂಚು ಇಟ್ಟರೆ ಮಧ್ಯದಲ್ಲಷ್ಟೇ ಕಾಯುತ್ತದೆ, ರೊಟ್ಟಿಯ ಅಂಚು ಹಸಿಯೇ ಉಳಿಯುತ್ತದೆ. ತಾಯಿ ಕಟ್ಟಿಕೊಟ್ಟ ಅಲ್ಯುಮಿನಿಯಂ ಬೋಗುಣಿಯಂತೂ ಕಾಯುವುದೇ ಇಲ್ಲ. ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಂಡವನಿಗೆ ಮಾರುವವನ ಮಾತು ಅರ್ಧ ಬೇಕಾಗುವುದಿಲ್ಲ. ಅದೂ ಅಲ್ಲದೆ, ಎಷ್ಟೋ ಹುಡುಗರಿಗೆ ಊರಿಂದ ಬಸ್ಸಿನಲ್ಲಿ ಬುತ್ತಿ ಬರುತ್ತದೆ. ಕಟಿ ರೊಟ್ಟಿ, ಶೇಂಗಾ ಚಟ್ನಿ ವಾರಗಟ್ಟಲೆ ಕೆಡುವುದಿಲ್ಲ. ಒಂದಿಷ್ಟು ಅನ್ನ ಮಾಡಲು, ಹಾಲು ಕಾಯಿಸಲು ಒಂದು ಒಲೆ ಸಾಕು.

ಊರಿನಿಂದ ಊರಿಗೆ ಈ ಲೆಕ್ಕವೂ ಬದಲಾಗುತ್ತದೆ. ಸವದತ್ತಿಯಲ್ಲಿ ಯಲ್ಲಮ್ಮನ ಹುಣ್ಣಿಮೆಗೆ ಬಂದವರಿಗೆ ಖೋಲಿ ಕೊಡುವವನು ಫ್ರಿಜ್ಜು ಇಟ್ಟು ಮಾಡುವುದೇನು? ಅವರು ಬರುವುದೇ ನೈವೇದ್ಯದ ಅಡಿಗೆ ಮಾಡಲು; ದೊಡ್ಡ ಪಾತ್ರೆ ತಾಳುವ ಒಲೆ, ಧಾರಾಳ ನೀರು ಇದ್ದರಾಯಿತು. ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆಗೆ ಮಗಳನ್ನು ನೋಡಲು ಬಂದು ಒಂದು ರಾತ್ರಿ ತಂಗುವ ತಂದೆತಾಯಿಗೆ ಚಹಾ ಕಾಯಿಸುವಷ್ಟಿದ್ದರೆ ತೃಪ್ತಿ.

ಬೈಲಹೊಂಗಲದ ಖೋಲಿ ನೋಡಲು ಮೊದಲು ಬಂದವರು ರಾಮದುರ್ಗದ ಒಬ್ಬ ನೇಕಾರರು, ಮಗನನ್ನು ಕರೆದುಕೊಂಡು. ಗುಮಾಸ್ತರು ಹೊಳೆಯುವ ಫ್ರಿಜ್ಜಿನ ಬಾಗಿಲು ತೆರೆದು ತೋರಿಸಿದರು, ಮಿಕ್ಸರಿನ ಡಬ್ಬಿ ತೋರಿಸಿದರು. ನೇಕಾರರ ಕಣ್ಣು ಗೋಡೆಯ ಮೇಲಿತ್ತು. ಮನೆಯಲ್ಲಿ ವಿದ್ಯುತ್ ಮಗ್ಗ ಇಟ್ಟುಕೊಂಡು ಮೋಟರಿನ ಜೊತೆಯಲ್ಲೇ ಬದುಕಿದವರು.

"ಸಾಹೇಬ್ರ, ಇದಕ್ಕ ಅರ್ತಿಂಗ್ ಐತೇನ್ರಿ?"

"ಹೊಸಾ ಕಟ್ಟಡ ಐತ್ರಿ. ಮೂರು ತೂತಿನ ಸಾಕೆಟ್ ಐತಿ, ನೋಡ್ರಿ."

"ತೂತು ಐತ್ರಿ. ಅದರ ಹಿಂದ ತಂತಿ ಐತೇನು?"

ಗುಮಾಸ್ತರ ಬಳಿ ಉತ್ತರವಿರಲಿಲ್ಲ. ಮರುದಿನ ವಾಯರಿಂಗ್ ಮಾಡುವವನು ಬಂದು ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿದ. (ಇದು ಮನೆಯವರು ಮಾಡುವ ಪರೀಕ್ಷೆಯಲ್ಲ.) ಎರಡು ಕೆಳಗಿನ ತೂತುಗಳ ನಡುವೆ ಬಲ್ಬು ಝಗ್ಗೆಂದು ಉರಿಯಿತು. ಮೇಲಿನ ತೂತಿಗೆ ಹಚ್ಚಿದಾಗ ಉರಿಯಲೇ ಇಲ್ಲ.

ಮೂರು ಪಿನ್ನಿನ ಪ್ಲಗ್ಗನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡಬೇಕು. ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಪ್ಲಗ್ಗು ಹಾಕುವಾಗ ಮೊದಲು ಕೂಡುವುದು ಅದೇ, ತೆಗೆಯುವಾಗ ಕೊನೆಗೆ ಬಿಡುವುದೂ ಅದೇ. ಕಾಯಿಲ್ ಒಲೆಯ ಒಳಗೆ ತಂತಿ ಎಲ್ಲೋ ಸವೆದು ಕಬ್ಬಿಣದ ಮೈಗೆ ತಾಗಿತೆನ್ನಿ. ಭೂಮಿಗೆ ಹೋಗುವ ದಾರಿ ಇದ್ದರೆ ವಿದ್ಯುತ್ತು ಒಮ್ಮೆಲೆ ಆ ಕಡೆ ಹರಿದು ಫ್ಯೂಜು ಹೋಗುತ್ತದೆ. ದಾರಿ ಇಲ್ಲದಿದ್ದರೆ ಒಲೆ ಸುಮ್ಮನೆ ಕುಳಿತಿರುತ್ತದೆ, ಸ್ನಾನ ಮಾಡಿ ಒದ್ದೆಗಾಲಲ್ಲಿ ಬಂದು ಮುಟ್ಟುವವನಿಗಾಗಿ. ಎಂ.ಸಿ.ಬಿ. ಇದೆಯಲ್ಲ ಎನ್ನುವವರುಂಟು. ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದಕ್ಕೆ ಆರ್.ಸಿ.ಸಿ.ಬಿ. ಎಂಬುದು ಬೇರೆ ಇದೆ. ಹೋದ ವಿದ್ಯುತ್ತಿಗೂ ಮರಳಿದ್ದಕ್ಕೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ರೆಪ್ಪೆ ಬಡಿಯುವುದರೊಳಗೆ ಕತ್ತರಿಸುತ್ತದೆ.

ಸಣ್ಣ ಸಾಕೆಟ್ಟಿನದು ಇನ್ನೊಂದು ತೊಂದರೆ. 2000 ವ್ಯಾಟಿನ ಕಾಯಿಲ್‌ ಒಲೆಯನ್ನು 230 ವೋಲ್ಟಿಗೆ ಹಚ್ಚಿದರೆ ಸುಮಾರು 9 ಆಂಪಿಯರ್ ಹರಿಯುತ್ತದೆ. ಸಾಕೆಟ್ಟು 6 ಆಂಪಿಯರಿನದು. ಹತ್ತನೆಯ ಇಯತ್ತೆಯ ಹುಡುಗನೂ ಮಾಡುವ ಭಾಗಾಕಾರ ಇದು. ಆದರೆ ಪರೀಕ್ಷೆ ಮುಗಿದ ಮೇಲೆ ಯಾರೂ ಮಾಡುವುದಿಲ್ಲ.

ಗುಮಾಸ್ತರು ಒಂದು ಫ್ರಿಜ್ಜನ್ನು ಅಂಗಡಿಗೆ ಮರಳಿಸಿದರು. ಅಂಗಡಿಯವನು ಮುಖ ಗಂಟಿಕ್ಕಿ ಸ್ವಲ್ಪ ಮುರಿದುಕೊಂಡೇ ಹಣ ಕೊಟ್ಟ. ಆ ಹಣದಲ್ಲಿ ಅಡಿಗೆಯ ಕಟ್ಟೆಗೆ ದಪ್ಪ ತಂತಿ, 16 ಆಂಪಿಯರಿನ ಸಾಕೆಟ್ಟು, ಆರ್.ಸಿ.ಸಿ.ಬಿ. ಎಲ್ಲ ಬಂದವು. ಹಿತ್ತಲಲ್ಲಿ ಆಳು ಮುಳುಗುವಷ್ಟು ಕುಣಿ ತೋಡಿಸಿ, ಕೊಳವೆ ಇಳಿಸಿ, ಇದ್ದಲಿ ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿಸಿದರು. ಬೈಲಹೊಂಗಲದ ಎರೆಮಣ್ಣು ತೇವ ಹಿಡಿದಿಡುವಂಥದು, ಅರ್ತಿಂಗಿಗೆ ಒಳ್ಳೆಯದು. ಸವದತ್ತಿ ಗುಡ್ಡದ ಕಲ್ಲುನೆಲದಲ್ಲಿ ಇದೇ ಕೆಲಸ ಕಷ್ಟ. ಹಾಗೆಂದು ಎರೆಯನ್ನೂ ಪೂರ್ತಿ ನಂಬುವಂತಿಲ್ಲ. ಬೇಸಿಗೆಯಲ್ಲಿ ಅದು ಬಿರಿಯುತ್ತದೆ.

ಗ್ಯಾಸಿನ ವಿಷಯದಲ್ಲಿ ಹೆಂಡತಿಯೇ ಮುಂದಾದರು. ಆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಆದ್ದರಿಂದ ಅಡಿಗೆಯ ಕಟ್ಟೆಯ ಕೆಳಗೆ ಗೋಡೆಗೊಂದು ಜಾಳಿಗೆ ಬಿಡಿಸಿದರು. ರಬ್ಬರಿನ ನಳಿಗೆಯ ಮೇಲೆ ಅಚ್ಚಾದ ವರ್ಷವನ್ನು ಓದಿ, ಐದು ವರ್ಷಕ್ಕೆ ಬದಲಿಸಬೇಕೆಂದು ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು.

ಖೋಲಿ ನೋಡಲು ಆಮೇಲೆ ಬಂದವರಲ್ಲಿ ಯಾರೂ ಅರ್ತಿಂಗ್ ಕೇಳಲಿಲ್ಲ. ಒಬ್ಬರಂತೂ "ಫ್ರಿಜ್ಜ ಇಲ್ಲೇನ್ರಿ?" ಎಂದು ಮುಖ ತಿರುವಿ ಹೋದರು. ಗುಮಾಸ್ತರಿಗೆ ಬೇಸರವಾಯಿತು, ಹಿತ್ತಲಲ್ಲಿ ಹೂತ ಹಣಕ್ಕೆ ಬಾಡಿಗೆ ಏರಿಸಲು ಬರುವುದಿಲ್ಲ. ನೇಕಾರರು ಮಾತ್ರ ಜೂನಿನಲ್ಲಿ ಮಗನನ್ನು ತಂದು ಬಿಟ್ಟು, ಕುಣಿಯ ಮುಚ್ಚಳ ತೆಗೆದು ಇಣುಕಿ ನೋಡಿ, ಮುಂಗಡ ಎಣಿಸಿ ಕೊಟ್ಟರು.

"ಬ್ಯಾಸಗ್ಯಾಗ ಇದಕ್ಕ ಒಂದೊಂದು ಕೊಡಾ ನೀರ ಹಾಕಸ್ರೀ," ಎಂದರು ಹೊರಡುವಾಗ.

ಮಿಕ್ಸರಿನ ಡಬ್ಬಿಯನ್ನು ಆ ಹುಡುಗ ಬಿಚ್ಚಲೇ ಇಲ್ಲ. ಅವನಿಗೆ ಶುಕ್ರವಾರಕ್ಕೊಮ್ಮೆ ರಾಮದುರ್ಗದ ಬಸ್ಸಿಗೆ ಬುತ್ತಿ ಬರುತ್ತದೆ. ಕುಣಿಗೆ ನೀರು ಹಾಕುವ ಕೆಲಸವನ್ನು ಏಪ್ರಿಲಿನಲ್ಲಿ ಅವನೇ ವಹಿಸಿಕೊಂಡಿದ್ದಾನೆ.